ಎರಡು ಸಹಿಯ ಟಗರು

ಧಡ್!

ಪಿಕಪ್ಪಿನ ಮೂತಿ ಹಿಂದಿನಿಂದ ನಮ್ಮ ಜೀಪಿಗೆ ಬಡಿಯಿತು. ಟಗರಿನ ಕೊಂಬು ನನ್ನ ಪಕ್ಕೆಗೆ ಬಡಿಯಿತು. ಯಾವುದು ಜೋರು ಅಂತ ಕೇಳಬೇಡಿ... ಪಿಕಪ್ಪಿಗೆ ಬ್ರೇಕ್ ಆದರೂ ಇತ್ತು!

"ಲೇ ಹುಲುಗ್ಯಾ! ನನ್ನ ಜೀಪಿಗೆ ಏನರ ಆದ್ರ ನಿನ್ನ ಚರ್ಮ ಸುಲಿದು ಸೀಟ್ ಕವರ್ ಹೊಲಿಸ್ತೀನಿ!" ಸ್ಟಿಯರಿಂಗ್ ತಿರುಗಿಸುತ್ತ ಇಶ್ತಿಯಾಕ ಕೂಗಿದ. ಕೊಟ್ಟೂರಿನಲ್ಲಿ ಅವನದು ಗ್ಯಾರೇಜು. ನನಗೆ ಹಳೆಯ ದೋಸ್ತ.

"ಹೊಲಿಸೀಯಂತ. ಮೊದ್ಲು ಓಡಿಸು!"

ಎದುರು ಸೀಟಿನಲ್ಲಿ ಟಗರಿನ ಕುತ್ತಿಗೆ ತಬ್ಬಿ ಕೂತಿದ್ದವಳು ರೋಜಾ. ನನ್ನ ಕಡೆ ನೋಡಲಿಲ್ಲ. ತಿಂಗಳುಗಳಿಂದ ನೋಡಿಲ್ಲ.

ನಿಮಗೆ ಮೊದಲಿನಿಂದ ಹೇಳಬೇಕು.

ಕೂಡ್ಲಿಗಿ ಕಡೆ ವಿಶ್ವವಿದ್ಯಾಲಯದ್ದೊಂದು ಅಂತರಶಿಸ್ತೀಯ ಸಂಶೋಧನಾ ಕೇಂದ್ರವಿತ್ತು. ಒಣನಾಡಿನ ಕುರಿ, ಕುರಿ ಕಾಯುವವರು, ಅವರ ದೇವರು... ಎಲ್ಲವನ್ನೂ ಒಂದೇ ಸೂರಿನಡಿ ಅಭ್ಯಾಸ ಮಾಡಬೇಕೆಂಬ ಆಸೆ. ಅಲ್ಲೊಂದು ಕಟ್ಟುನಿಟ್ಟಿನ ನಿಯಮ. ವಿಜ್ಞಾನದವರೊಬ್ಬರು, ಜಾನಪದದವರೊಬ್ಬರು ಜೋಡಿಯಾಗಿ ದುಡಿಯಬೇಕು. ಇಬ್ಬರೂ ಸಹಿ ಹಾಕದೆ ಯಾವ ಫಲಿತಾಂಶವೂ ಹೊರಗೆ ಹೋಗಬಾರದು.

ನಾನು ಪ್ರಾಣಿಶಾಸ್ತ್ರ. ರೋಜಾ ಜಾನಪದ.

ಈ ಸೀಮೆಯಲ್ಲಿ ಕುರಿಯನ್ನು ದೇವರಿಗೆ ಬಿಡುವಾಗ ಮೈಮೇಲೆ ನೀರು ಸುರಿದು ಕಾಯುತ್ತಾರೆ. ಮೈ ಕೊಡವಿದರೆ ದೇವರು ಒಪ್ಪಿದ ಹಾಗೆ. ಆಮೇಲೆ ಅದನ್ನು ಯಾರೂ ಮಾರುವಂತಿಲ್ಲ, ಕಡಿಯುವಂತಿಲ್ಲ. ಕುರಿ ಮೈ ಕೊಡವುವುದೇಕೆ? ಅದೇ ನಮ್ಮ ವಿಷಯ.

"ಕಿವಿಗೆ ನೀರು ಹೋದ್ರ ಕೊಡವತೈತಿ. ರಿಫ್ಲೆಕ್ಸ್, ಅಷ್ಟ" ಎಂದೆ.

"ಅಷ್ಟ ಆಗಿದ್ರ ಅಷ್ಟು ಮಂದಿ ಉಸಿರು ಹಿಡಕೊಂಡು ಯಾಕ ಕಾಯ್ತಾರ?" ಎಂದಳು.

ಜಗಳದಲ್ಲೇ ಪ್ರೀತಿ ಹುಟ್ಟಿತು. ವರದಿಗೆ ಸಹಿ ಮಾತ್ರ ಬೀಳಲಿಲ್ಲ.

ಆಮೇಲೆ ಅನುದಾನ ನಿಂತಿತು. ನನ್ನ ಕೆಲಸ ಹೋಯಿತು. ರೋಜಾ ಒಬ್ಬಳೇ ಅಲ್ಲಿ ಉಳಿದಳು. ಕಳೆದದ್ದನ್ನು ಹುಡುಕಿಕೊಡುವ ಧಂದೆ ಹಿಡಿದೆ. ಓಡಿಹೋದ ಬೈಕು, ಓಡಿಹೋದ ಅಳಿಯ... ಏನಾದರೂ ಸರಿ! ಮೊದಲ ಗಿರಾಕಿ ಕೇಂದ್ರದ ನಿರ್ದೇಶಕ ಗುರುಬಸವರಾಜರೇ. ಕಾಣೆಯಾದ ಮೈಕ್ರೋಸ್ಕೋಪುಗಳನ್ನು ಹುಡುಕಿಕೊಟ್ಟೆ. ಅವರು ಅವನ್ನು ಹರಾಜಿಗೆ ಹಾಕಿದರು. ಅಂದೇ ರೋಜಾ ಮಾತು ಬಿಟ್ಟಳು.

ಇವತ್ತು ಬೆಳಗ್ಗೆ ಮತ್ತೆ ಅವರದೇ ಫೋನು.

"ಹುಲುಗೇಶ್, ಕೇಂದ್ರಕ್ಕೆ ಇವತ್ತು ಬೀಗ. ಕರಿಯ ಟಗರು ಕಾಣ್ತಿಲ್ಲ. ಚೌಡಣ್ಣನಿಗೆ ಟೆಂಡರ್ ಆಗಿದೆ. ಹುಡುಕಿ ತಂದ್ರೆ ಮುಖ್ಯ ಕ್ಯಾಂಪಸ್ಸಿನಲ್ಲಿ ನಿನಗೆ ಖಾಯಂ ಕೆಲಸ."

ಕರಿಯ... ಈ ಸೀಮೆಯ ಬೆರಕೆಯಾಗದ ತಳಿಯಲ್ಲಿ ಉಳಿದ ಒಂದೇ ಟಗರು. ಮರಿಯಾಗಿದ್ದಾಗ ಕೊಟ್ಟವಳು ರೋಜಾಳ ಅವ್ವ ಪಾಲಮ್ಮ. "ನಿಮ್ಮ ಕೇಂದ್ರ ಇರೋತನಕ ನಿಮ್ದು. ಆಮ್ಯಾಲೆ ನಮ್ದು" ಎಂದಿದ್ದಳು. ಬರೀ ಬಾಯಿಮಾತು. ವಿಶ್ವವಿದ್ಯಾಲಯ ಕುರ್ಚಿ ಮೇಜುಗಳ ಜೊತೆ ಅದನ್ನೂ ಟೆಂಡರಿಗೆ ಹಾಕಿತು! ಚೌಡಣ್ಣ ಟಗರಿನ ಕಾಳಗ ಆಡಿಸುವವನು. ಅವನ ಕೈ ಸೇರಿದ ಟಗರಿನ ತಲೆಬುರುಡೆ ಬಹಳ ದಿನ ಬಾಳುವುದಿಲ್ಲ.

ಟಗರನ್ನು ಒಯ್ದವಳು ರೋಜಾನೇ. ಅದನ್ನು ದೇವರಿಗೆ ಬಿಡಲು ಗಾಳೆಮ್ಮನ ಗುಡಿಗೆ ಹೊರಟಿರುತ್ತಾಳೆ ಎಂಬುದು ನನಗೆ ತಿಳಿಯದ್ದೇ? ಹೊಸಹಳ್ಳಿ ದಾರಿಯಲ್ಲಿ ಸಿಕ್ಕಳು. ಬಿಸಿಲಲ್ಲಿ ಟಗರನ್ನು ನಡೆಸಿಕೊಂಡು ಹೊರಟಿದ್ದಳು. ದೂರದಲ್ಲಿ ಚೌಡಣ್ಣನ ಪಿಕಪ್ಪಿನ ಧೂಳು ಎದ್ದಿತ್ತು.

"ಹಿಡಕೊಂಡು ಹೋಗಾಕ ಬಂದಿ?"

"ಹೂಂ."

"ಹಿಡಿ ಮತ್ತ." ಹಗ್ಗ ಚಾಚಿದಳು. ಮುಖ ಅತ್ತ. ಇನ್ನೊಂದು ಕೈ ಟಗರಿನ ಕೊಂಬು ಬಿಟ್ಟಿರಲಿಲ್ಲ.

ನನ್ನ ಖಾಯಂ ಕೆಲಸ ಅಲ್ಲಿಗೆ ಮುಗಿಯಿತು!

"ಜೀಪ್ ಹತ್ತು. ಗಾಳೆಮ್ಮನ ಗುಡಿಗೇ ಹೋಗೂಣು."

ಗುಡಿ ಮುಂದೆ ಪಾಲಮ್ಮ ನೀರಿನ ಕೊಡ ಹಿಡಿದು ನಿಂತಿದ್ದಳು. ಸುತ್ತ ಕುರಿಗಾಹಿಗಳು. ನಾವು ಇಳಿಯುವುದಕ್ಕೂ ಪಿಕಪ್ ಬರುವುದಕ್ಕೂ ಸರಿಹೋಯಿತು. ಚೌಡಣ್ಣ ಬಡಿಗೆ ಹಿಡಿದು ಹಾರಿದ.

"ಟೆಂಡರ್ ನಂದೈತಿ. ಹಗ್ಗ ಬಿಡಲೇ!"

ಬಡಿಗೆ ನನ್ನ ಭುಜದ ಮೇಲೆ ಬಿತ್ತು. ಕಣ್ಣಿಗೆ ಕತ್ತಲು ಕವಿಯಿತು. ಹಗ್ಗ ಬಿಡಲಿಲ್ಲ.

"ತಾಯೀನ ಕೇಳಾಕ ಹತ್ತೀವಿ. ಕೇಳಿದ ಮ್ಯಾಲೆ ಬಡಿದಾಡ್ರಿ" ಎಂದಳು ಪಾಲಮ್ಮ. ದನಿ ಏರಿಸಲೂ ಇಲ್ಲ.

ಚೌಡಣ್ಣನ ಡ್ರೈವರ್ ಮಂಜಣ್ಣ ಅವನ ತೋಳು ಹಿಡಿದ. "ಅಣ್ಣಾ, ತಾಯಿ ಮುಂದ ಬ್ಯಾಡ್ರಿ."

"ಆತು. ಒಂದ ಕೊಡ! ಮೈ ಒದರಲಿಲ್ಲಂದ್ರ ಎತ್ತಿ ಗಾಡಿಗೆ ಒಗಿತೀನಿ."

ನೀರು ಬಿತ್ತು.

ಕರಿಯ ನಿಂತೇ ಇದ್ದ... ಕಲ್ಲಿನಂತೆ.

ನನಗೆ ಥಟ್ಟನೆ ಹೊಳೆಯಿತು. ಕೇಂದ್ರದಲ್ಲಿ ಉಣ್ಣಿ ಹುಳ ಹತ್ತಬಾರದೆಂದು ಅವನನ್ನು ಮೇಲಿಂದ ಮೇಲೆ ಔಷಧಿ ನೀರಿನ ತೊಟ್ಟಿಯಲ್ಲಿ ಅದ್ದುತ್ತಿದ್ದೆವು. ನೀರು ಅವನಿಗೆ ರೂಢಿ! ಊರಿನ ಯಾವ ಕುರಿಗೂ ಇಲ್ಲದ ರೂಢಿ. ರೋಜಾಗೆ ಅದು ಗೊತ್ತಿರಲಿಲ್ಲ. ಅದು ನನ್ನ ವಿಭಾಗದ ಕೆಲಸ.

ಪಾಲಮ್ಮನ ತುಟಿಗಳು ಅಲುಗುತ್ತಿದ್ದವು. ಯಾರೂ ಉಸಿರಾಡಲಿಲ್ಲ.

"ಒಲ್ಲೆ ಅಂದ್ಳು ತಾಯಿ!" ಚೌಡಣ್ಣ ಹಲ್ಲು ಕಿರಿದು ಕೊಂಬಿಗೆ ಕೈ ಹಾಕಿದ.

ತಡೆಯುವವನಂತೆ ಕರಿಯನ ತಲೆ ಅಪ್ಪಿಕೊಂಡೆ. ನನ್ನ ಕಿರುಬೆರಳು ಒದ್ದೆಯಾಗಿತ್ತು. ಕಿವಿಯೊಳಗೆ ಇಳಿಸಿದೆ. ಒಂದು ಹನಿ... ಸಾಕು.

ಕರಿಯ ಮೈ ಕೊಡವಿದ!

ಮಂದಿ ಹೋ ಎಂದು ಕೂಗಿತು. ಪಾಲಮ್ಮ ನೆಲಕ್ಕೆ ಹಣೆ ಹಚ್ಚಿ ಅತ್ತಳು. ಮಂಜಣ್ಣ ಕೈ ಮುಗಿದ.

"ಅಣ್ಣಾ, ಇನ್ನ ನಾ ಇದನ್ನ ಗಾಡಿಗೆ ಹೇರಂಗಿಲ್ಲ. ಬೇಕಾರ ನೀವ ಹೆಗಲ ಮ್ಯಾಲೆ ಹೊತ್ಕೊಂಡು ನಡೀರಿ."

ಚೌಡಣ್ಣ ಮಂದಿಯನ್ನು ನೋಡಿದ. ಚಪ್ಪಲಿ ಬಿಟ್ಟ. ದೇವಿಗೆ ಕೈ ಮುಗಿದ. ನನ್ನ ವಂಶವನ್ನೆಲ್ಲ ಬೈದ. ಗಾಡಿ ಹತ್ತಿದ.

ಗೆದ್ದೆ ಅಂದುಕೊಂಡು ತಿರುಗಿದೆ.

ರೋಜಾ ನೋಡುತ್ತಿದ್ದಳು. ನನ್ನ ಮುಖವನ್ನಲ್ಲ... ಕಿರುಬೆರಳನ್ನು.

ಬೇವಿನ ಮರದ ಹಿಂದೆ ನಿಲ್ಲಿಸಿ ಕೇಳಿದಳು. "ಕಿವ್ಯಾಗ ನೀರು ಹಾಕಿದಿ?"

"ಹಾಕಲಿಲ್ಲಂದ್ರ ಒಯ್ತಿದ್ದ!"

"ನಮ್ಮವ್ವ ಅಳಾಕ ಹತ್ಯಾಳ ನೋಡು. ತಾಯಿ ಒಪ್ಪಿದ್ಳು ಅಂತ."

"ಅದು ಮೈ ಒದರತಿರ್ಲಿಲ್ಲ ರೋಜಾ. ನೀರು ರೂಢಿ ಆಗೇತಿ ಅದಕ್ಕ."

"ಇನ್ನೊಂದು ಗಳಿಗಿ ತಡದಿದ್ರ ನಿಂದು ಖರೇನೋ ನಂದು ಖರೇನೋ ತಿಳೀತಿತ್ತು. ಆ ಒಂದು ಗಳಿಗಿ ಸಲುವಾಗಿ ನಾ ಒಬ್ಬಾಕಿ ಆ ಹಾಳು ಕೇಂದ್ರದಾಗ ಕುಂತಿದ್ದೆ." ಅವಳು ಗುಡಿ ಕಡೆ ತಿರುಗಿದಳು. "ಈಗ ಅವ್ವಗ ಹೇಳಾಕೂ ಬರಂಗಿಲ್ಲ. ಜೀವನಪೂರ್ತಿ ಮುಚ್ಚಿಡಾಕೂ ಬರಂಗಿಲ್ಲ."

"ಕರಿಯ ಬದುಕ್ಯಾನಲ್ಲ..."

"ಹೂಂ. ಅದಕ್ಕ ನಿನ್ನ ಬೈಯಾಕೂ ಬಾಯಿ ಬರವಲ್ದು."

ಸೆರಗಿನಿಂದ ನನ್ನ ಭುಜದ ರಕ್ತ ಒರೆಸಿದಳು. ಬಹಳ ಮೆಲ್ಲಗೆ. ಆಮೇಲೆ ಬಸ್ಸಿಗೆ ಬಿಡು ಎಂದು ಇಶ್ತಿಯಾಕನನ್ನು ಕೇಳಿದಳು. ಬೇರೆ ಜಿಲ್ಲೆಯ ಕಾಲೇಜಿನಲ್ಲಿ ಕೆಲಸ ಸಿಕ್ಕಿದೆಯಂತೆ. ನನಗೆ ಹೇಳಿರಲಿಲ್ಲ.

"ಲೇ, ತಡಿ ಅನ್ನಲೇ ಅಕಿಗೆ!" ಇಶ್ತಿಯಾಕ ಹಲ್ಲು ಕಚ್ಚಿ ಪಿಸುಗುಟ್ಟಿದ.

ತಡೆಯುವುದು ನನಗೆ ಬರುವುದಿಲ್ಲ ಅಂತ ಈಗಷ್ಟೇ ಸಾಬೀತಾಗಿತ್ತು. ಕರಿಯನ ಹಗ್ಗ ಹಿಡಿದು ನಿಂತೆ.

ಜೀಪು ಹೋಯಿತು. ಮಂದಿ ಪಾಲಮ್ಮನನ್ನು ಮನೆಗೆ ಕರೆದೊಯ್ದರು. ಗುಡಿ ಮುಂದೆ ಉಳಿದವರು ನಾನು, ಕರಿಯ, ತಳದಲ್ಲಿ ನೀರುಳಿದ ಒಂದು ಕೊಡ.

ಎತ್ತಿ ಅವನ ಬೆನ್ನಿಗೆ ಸುರಿದೆ. ಕಿವಿಯಿಂದ ದೂರ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ.

ಕಲ್ಲು... ಕಲ್ಲು... ಕಲ್ಲು.

ನಾನೂ ಉಸಿರು ಹಿಡಿದಿದ್ದೆ.

ಕರಿಯ ಒಮ್ಮೆ ನನ್ನನ್ನು ನೋಡಿದ. ಕುತ್ತಿಗೆಯಿಂದ ಬಾಲದವರೆಗೆ ಜಾಡಿಸಿ ಮೈ ಕೊಡವಿದ. ನನ್ನ ಮುಖವೆಲ್ಲ ನೀರಾಯಿತು... ಎಲ್ಲವೂ ಅವನದಲ್ಲ.

ಪ್ರಯೋಗ ಯಶಸ್ವಿ! ಎರಡನೆಯ ಸಹಿ ಮಾತ್ರ ಬಸ್ಸು ಹತ್ತಿ ಹೋಗಿತ್ತು.