ಹನ್ನೆರಡನೆಯವನ ನಾಡಿ

"ನಿಜ ಹೇಳಿ. ಬರೋಕೆ ಮುಂಚೆ ಏನು ಕುಡಿದ್ರಿ?"

"ನೀರು, ಮೇಡಂ."

"ಸುಮ್ನೆ ಕೂತವರ ನಾಡಿ ನೂರ ನಾಲ್ಕು ಹೊಡ್ಕೊಳ್ಳಲ್ಲ! ಮೆಟ್ಟಿಲು ಓಡಿ ಹತ್ತಿದ್ರಾ?"

"ಲಿಫ್ಟಲ್ಲಿ ಬಂದೆ..."

ಅಗ್ನಿಶಾಮಕ ಠಾಣೆಯ ಆ ಉದ್ದನೆಯ ಆಸಾಮಿಯನ್ನು ಗೆಳೆಯರು 'ಏಣಿ' ಎನ್ನುತ್ತಿದ್ದರು. ಕಾಲೇಜಿನ ಲ್ಯಾಬಿನಲ್ಲಿ ಎದೆಗೆ ನಾಡಿ ಅಳೆಯುವ ಪಟ್ಟಿ ಕಟ್ಟಿಸಿಕೊಂಡು ಕೂತು, ಅದನ್ನು ಕಟ್ಟಿದ ವಿದ್ಯಾರ್ಥಿನಿಯ ಮುಖವೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ನೋಡುತ್ತಿದ್ದ. ಕಳ್ಳನ ಲಕ್ಷಣ!

ವ್ಯಾಯಾಮ ಶರೀರಶಾಸ್ತ್ರದ ಎಂ.ಎಸ್ಸಿ.ಯನ್ನು ಬರೀ ಪರೀಕ್ಷೆ ಬರೆದೂ ಮುಗಿಸಬಹುದಿತ್ತು. ಅವಳು ಹಟ ಹಿಡಿದು ಥೀಸಿಸ್ ಆರಿಸಿಕೊಂಡಿದ್ದಳು. ಓಡಿ ನಿಂತ ಮೇಲೆ ಅಗ್ನಿಶಾಮಕರ ಹೃದಯ ಎಷ್ಟು ಹೊತ್ತಿಗೆ ಶಾಂತವಾಗುತ್ತದೆ ಎಂಬುದು ವಿಷಯ. ಓಡಿಸುವ ಮೊದಲು ನಾಡಿ ಶಾಂತವಾಗಿರಲೇಬೇಕಿತ್ತು. ಹನ್ನೆರಡು ಜನ ಬೇಕು, ಎಲ್ಲರನ್ನೂ ಅವಳೊಬ್ಬಳೇ ಅಳೆಯಬೇಕು ಎಂದು ಥೀಸಿಸ್ ಸಮಿತಿಯ ಮೂವರೂ ಸಹಿ ಹಾಕಿದ್ದರು. ಶುಕ್ರವಾರ ಅಂಕಿ ಒಪ್ಪಿಸದಿದ್ದರೆ ಡಿಗ್ರಿ ಆರು ತಿಂಗಳು ಮುಂದಕ್ಕೆ! ಹನ್ನೊಂದು ಜನರದ್ದು ಮುಗಿದಿತ್ತು. ಠಾಣೆಯಲ್ಲಿ ಉಳಿದಿದ್ದವನು ಇವನೊಬ್ಬನೇ.

ಮಾರನೆಯ ದಿನವೂ ಕರೆಸಿದಳು. ನೂರ ಒಂದು! ಹೊರಗೆ ಅವನ ಗೆಳೆಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು.

'ಎಲ್ಲ ಸೇರ್ಕೊಂಡು ನನ್ನ ಆಟ ಆಡಿಸ್ತಿದ್ದಾರಾ? ಮಾತ್ರೆ ಗೀತ್ರೆ ನುಂಗಿ ಬರ್ತಾನಾ...?'

ನೇರ ಠಾಣೆಗೇ ಹೋದಳು. ಠಾಣಾಧಿಕಾರಿ ಆರೋಗ್ಯ ತಪಾಸಣೆಯ ಪುಸ್ತಕ ತೆರೆದು ತೋರಿಸಿದರು. ಏಣಿಯ ನಾಡಿ ಪ್ರತಿ ತಿಂಗಳೂ ಅರವತ್ತರ ಒಳಗೇ ಇತ್ತು.

"ಬಂಗಾರದಂಥ ಹುಡುಗ ಕಣಮ್ಮ!"

ಬಂಗಾರವೋ ಹಿತ್ತಾಳೆಯೋ, ಕಣ್ಣಾರೆ ನೋಡಿಯೇಬಿಡುವುದೆಂದು ಅವಳು ನಿಶ್ಚಯಿಸಿದಳು.

ಬುಧವಾರ ಪಟ್ಟಿ ಕಟ್ಟಲು ಲ್ಯಾಬಿನ ಅಕ್ಕನನ್ನು ಕಳಿಸಿ, ತಾನು ಬಾಗಿಲಾಚೆ ನಿಂತು ಗಾಜಿನಿಂದ ಇಣುಕಿದಳು. ಪರದೆಯ ಮೇಲೆ ಐವತ್ತೊಂಬತ್ತು! ಅವಳು ಬಾಗಿಲು ತಳ್ಳಿದಳು.

"ಈಗ ಸಿಕ್ಕಿಬಿದ್ರಿ!"

ಎಪ್ಪತ್ತು... ಎಂಬತ್ತಾರು... ತೊಂಬತ್ತೆಂಟು...

ಅಕ್ಕ ನಗು ತಡೆಯಲಾರದೆ, "ಅಯ್ಯೋ ಪೆದ್ದೀ, ಇನ್ನೂ ಗೊತ್ತಾಗ್ಲಿಲ್ವೇನೇ?" ಎನ್ನುತ್ತಾ ಹೊರಗೆ ಹೋದಳು.

ಏಣಿಯ ಕಿವಿಗಳು ಕೆಂಪಾಗಿದ್ದವು. "ಮೊದಲು ಹೆಸರು ಕೊಟ್ಟೋನೇ ನಾನು, ಮೇಡಂ. ಧೈರ್ಯ ಸಾಲ್ದೆ ಸರದಿ ಬಿಟ್ಕೊಟ್ಟು ಬಿಟ್ಕೊಟ್ಟು ಕೊನೆಯವನಾದೆ. ಉರಿಯೋ ಮನೆಗೆ ನುಗ್ತೀನಿ... ನೀವು ಹತ್ರ ಬಂದ್ರೆ ಮಾತ್ರ ಹಿಂಗಾಗುತ್ತೆ."

ಮೂರು ದಿನದಿಂದ ಇವನನ್ನು ಬಿಟ್ಟು ಬೇರೇನನ್ನೂ ಯೋಚಿಸಿರಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಅದೆಲ್ಲ ಬರೀ ಅನುಮಾನವೆಂದುಕೊಂಡಿದ್ದಳು! ಇಷ್ಟು ಖುಷಿ ಎಲ್ಲಿಂದ ಬಂತೋ, ಕಣ್ಣು ತುಂಬಿತು.

"ಅಕ್ಕನ ಕೈಲೇ ಅಳೆಸಿ ಬರ್ಕೊಳ್ಳಿ ಮೇಡಂ. ನಿಮ್ಮ ಡಿಗ್ರಿ ಉಳಿಯುತ್ತೆ."

ಆಸೆಯಾಯಿತು. ಪೆನ್ನು ಕಾಗದದ ಮೇಲೆ ಬಹಳ ಹೊತ್ತು ನಿಂತೇ ಇತ್ತು. ಆಮೇಲೆ ಅವಳು ಹೆಸರುಗಳ ಪಟ್ಟಿಯ ಕೊನೆಯಲ್ಲಿದ್ದ ಅವನ ಹೆಸರಿನ ಮೇಲೆ ಗೆರೆ ಎಳೆದಳು.

"ಆರು ತಿಂಗಳು ಹೋಯ್ತಲ್ಲ! ಯಾಕೆ ಹೊಡೆದು ಹಾಕಿದ್ರಿ?"

"ನಾನು ಅಳೀದೆ ಇರೋದನ್ನ ನಾನೇ ಅಳೆದೆ ಅಂತ ಬರೆಯೋಕಾಗಲ್ಲ. ಮತ್ತೆ..." ಅವಳು ತಲೆ ತಗ್ಗಿಸಿದಳು. "ನನ್ನ ಅಧ್ಯಯನದಲ್ಲಿ ಇರೋವರನ್ನ ನಾನು ಪ್ರೀತಿಸೋ ಹಾಗಿಲ್ಲ."

ಅವನು ಮುಂದಕ್ಕೆ ಬಗ್ಗಿ ಆ ಹಾಳೆಯನ್ನು ನೋಡಿದ.

"ಮೇಡಂ... ಇನ್ನೊಂದು ಗೆರೆ ಎಳೆದುಬಿಡಿ. ಹೆಸರು ಇನ್ನೂ ಕಾಣಿಸ್ತಿದೆ."