ಗೆಣಸಿನ ಮುದ್ರೆ

“ಗೆಣಸಿನ ಮುದ್ರೆ! ಅಯ್ಯೋ ದೇವರೇ, ಗೆಣಸು ಕೆತ್ತಿ ಒತ್ತಿದ್ದಾರೆ!” ಹಿರೋಸೆ ಹೊಟ್ಟೆ ಹಿಡಿದುಕೊಂಡು ನಕ್ಕ.

ಕೋಯುಕಿಗೆ ಮೈಯೆಲ್ಲ ಉರಿಯಿತು. ಹಳೆ ಸಾಮಾನು ಕೊಳ್ಳುವ ಈ ಮನುಷ್ಯ ಬಂದು ಅರ್ಧ ಗಂಟೆಯೂ ಆಗಿರಲಿಲ್ಲ. ಬೆಲೆಯಾದರೂ ತಿಳಿಯೋಣವೆಂದು ಅಜ್ಜಿ ಸುರುಳಿ ಚಿತ್ರವನ್ನು ಅದರ ಮರದ ಪೆಟ್ಟಿಗೆಯಿಂದ ತೆಗೆದು ಬಿಚ್ಚಿ ತೋರಿಸಿದ್ದಳು.

ಒಂದು ಕೊಂಬೆ, ಮೂರು ಕಾಕಿ ಹಣ್ಣು, ಮೂಲೆಯಲ್ಲಿ ಬರೆದವರ ಹೆಸರಿನ ಮುದ್ರೆ, ಅಷ್ಟೇ ಚಿತ್ರ. ಎಲೆ ಕೆಂಪಾಗುವ ಕಾಲ ಬಂದರೆ ಅದು ನಡುಮನೆಯ ಗೋಡೆಗೂಡಿನಲ್ಲಿ ತೂಗಲೇಬೇಕು. ಮನೆಯವರೆಲ್ಲ ಅದರ ಮುಂದೆ ಮಂಡಿಯೂರಿ ತಲೆಬಾಗುತ್ತಾರೆ. ಇವನೋ, ಟೀ ಕುಡಿದ ಒದ್ದೆ ಬೆರಳನ್ನು ಹಣ್ಣಿನ ಮೇಲೇ ಇಟ್ಟಿದ್ದ!

“ಬರೆದವರು ಯಾರಮ್ಮಾ?”

“ನಮ್ಮಪ್ಪ,” ಎಂದಳು ಅಜ್ಜಿ.

“ಅದೇ ಅಂದ್ಕೊಂಡೆ. ಐನೂರು ಯೆನ್ನೂ ಹುಟ್ಟಲ್ಲ. ಪೆಟ್ಟಿಗೆ ಮಾತ್ರ ಹಳೇದು, ಮೂವತ್ತು ಸಾವಿರ ಕೊಡ್ತೀನಿ. ಚಿತ್ರ ನೀವೇ ಇಟ್ಕೊಳ್ಳಿ.”

ಚಿತ್ರಕ್ಕೆ ಅವನು ಒಂದು ನಿಮಿಷವನ್ನೂ ಕೊಟ್ಟಿರಲಿಲ್ಲ. ಪೆಟ್ಟಿಗೆಯ ಮುಚ್ಚಳವನ್ನು ಮಾತ್ರ ತಿರುಗಿಸಿ ತಿರುಗಿಸಿ ನೋಡಿದ್ದ. ಅದರ ಒಳಗೆ ‘ಕೊಕ್ಕರೆಗಳು’ ಎಂಬ ಬರಹ, ದೊಡ್ಡ ಕಲಾವಿದರೊಬ್ಬರ ಹೆಸರು, ಕೆಂಪು ಮುದ್ರೆ ಇದ್ದವು. ಯುದ್ಧ ಮುಗಿದ ವರ್ಷ ಮುತ್ತಜ್ಜ ಆ ಕೊಕ್ಕರೆ ಚಿತ್ರವನ್ನು ಒಂದು ಮೂಟೆ ಅಕ್ಕಿಗೆ ಕೊಟ್ಟುಬಿಟ್ಟಿದ್ದ. ಖಾಲಿ ಉಳಿದ ಪೆಟ್ಟಿಗೆಯಲ್ಲಿ ತಾನು ಬರೆದ ಹಣ್ಣಿನ ಚಿತ್ರ ಇಟ್ಟಿದ್ದ. ಇದು ಮನೆಮಂದಿಗೆಲ್ಲ ಗೊತ್ತಿದ್ದ ಕತೆ.

“ಖಾಲಿ ಪೆಟ್ಟಿಗೆಗೆ ಅಷ್ಟೊಂದಾ? ತಗೊಂಡ್ಹೋಗಿ,” ಎಂದು ಅಜ್ಜಿ ಅದನ್ನು ಮುಂದಕ್ಕೆ ಸರಿಸಿದಳು.

ಕೋಯುಕಿ ಪೆಟ್ಟಿಗೆಯನ್ನು ಬಾಚಿ ಎದೆಗವಚಿಕೊಂಡಳು.

“ಅಂಕಲ್, ಇದರೊಳಗೆ ಏನ್ ಹಾಕ್ತೀರಿ?”

“ಏನೋ ಒಂದು. ದೊಡ್ಡೋರ ವಿಷಯ ನಿಂಗ್ಯಾಕೆ?”

“ಕೊಕ್ಕರೆ ಚಿತ್ರ ಹಾಕ್ತೀರಿ! ಡೂಪ್ಲಿಕೇಟ್ ಕೊಕ್ಕರೆ! ಮುಚ್ಚಳದಲ್ಲಿರೋ ಹೆಸರು ನೋಡಿ ಜನ ನಂಬ್ತಾರೆ. ಇಂಥ ಕೆಲಸ ಮಾಡೋರು ನಮ್ಮ ಮುತ್ತಜ್ಜನ್ನ ನೋಡಿ ನಗ್ತೀರಾ? ನಾಚ್ಕೆ ಆಗಲ್ವಾ?”

“ಕೋಯುಕಿ! ಮನೆಗೆ ಬಂದೋರ ಹತ್ರ ಹೀಗಾ ಮಾತಾಡೋದು?” ಅಜ್ಜಿ ಗದರಿದಳು. ಆಮೇಲೆ ಹಿರೋಸೆಯ ಕಡೆ ನೋಡಿದಳು. ಅವನ ಕಿವಿ ಕೆಂಪಗಾಗಿತ್ತು.

ಅಜ್ಜಿ ನಯವಾಗಿ ತಲೆಬಾಗಿ ಕೇಳಿದಳು: “ಒಂದು ತುತ್ತು ಟೀ ಸುರಿದ ಅನ್ನ ಉಂಡ್ಕೊಂಡು ಹೋಗ್ತೀರಾ?”

ಕ್ಯೋಟೋದಲ್ಲಿ ಹಾಗೆ ಕೇಳಿದರೆ ಜಾಗ ಖಾಲಿ ಮಾಡಿ ಎಂದೇ ಅರ್ಥ. ಹಿರೋಸೆ ಶೂ ಸರಿಯಾಗಿ ಹಾಕಿಕೊಳ್ಳದೆ ಹೊರಟುಹೋದ.

ಕೋಯುಕಿಯ ಸಿಟ್ಟು ಇಳಿದಿರಲಿಲ್ಲ. ಮುಚ್ಚಳವನ್ನು ಚಿತ್ರದ ಪಕ್ಕ ಇಟ್ಟು ಎರಡು ಮುದ್ರೆಗಳನ್ನೂ ನೋಡಿದಳು.

“ಅಜ್ಜಿ, ಮುತ್ತಜ್ಜ ಈ ದೊಡ್ಡ ಕಲಾವಿದರ ಮುದ್ರೆನೇ ನೋಡಿ ಕೆತ್ತಬಹುದಿತ್ತಲ್ವಾ? ತುಂಬ ದುಡ್ಡು ಬರ್ತಿತ್ತು.”

“ಬರ್ತಿತ್ತು. ಆ ಅಕ್ಕಿ ಮುಗಿದ್ಮೇಲೆ ನಮಗೆ ಹೊಟ್ಟೆಗೂ ಇರ್ಲಿಲ್ಲ. ಮನೇಲಿದ್ದದ್ದು ಅದೊಂದೇ ಗೆಣಸು. ಮುದ್ರೆ ಒತ್ತಿ, ಬಣ್ಣದ ತುದಿ ಕೊಯ್ದು ಬಿಸಾಕಿ, ಉಳಿದಿದ್ದನ್ನ ಬೇಯಿಸಿ ನಂಗೆ ತಿನ್ನಿಸಿದ್ರು.”

ಮುದ್ರೆ ಸೊಟ್ಟಗಿತ್ತು, ಒಂದು ಅಂಚು ಮುಕ್ಕಾಗಿತ್ತು. ಆದರೆ ಅದರಲ್ಲಿ ಇದ್ದದ್ದು ಮುತ್ತಜ್ಜನ ಹೆಸರೇ. ಕೋಯುಕಿ ತುಂಬ ಹೊತ್ತು ಅದನ್ನೇ ನೋಡಿದಳು.

“ಅಜ್ಜಿ, ಹೊಸ ವರ್ಷದ ಕಾರ್ಡಿಗೆ ಒತ್ತೋಕೆ ಅಂಗಡಿ ಮುದ್ರೆ ಕೊಡ್ಸು ಅಂದಿದ್ನಲ್ಲ, ಬೇಡ,” ಎಂದಳು ಮೆಲ್ಲಗೆ. “ಮನೇಲಿ ಗೆಣಸಿದ್ಯಾ?”