ಮಾಟದ ಪುಸ್ತಕದಲ್ಲಿ ಅಜ್ಜಿಯ ಹೆಸರು

"ಕಣ್ಣಲ್ಲಿ ಓದು ತಂಬಿ. ಬಾಯಲ್ಲಿ ಮಾತ್ರ ಓದ್ಬೇಡ," ಎಂದಳು ಮುದುಕಿ ಕನ್ನಿಯಮ್ಮಾಳ್.

ದಿವಾಕರ್ ನಕ್ಕುಬಿಟ್ಟ. "ಹಳೇ ಕಾಗದ ಕಚ್ಚುತ್ತಾ ಅಮ್ಮಾ?"

ಕೊಯಮತ್ತೂರಿನ ಕಾಲೇಜೊಂದರಲ್ಲಿ ಚರಿತ್ರೆ ಪಾಠ ಹೇಳುತ್ತಿದ್ದ ಅವನು ಎರಡು ವರ್ಷದಿಂದ ಅನ್ನೂರಿನ ಸುತ್ತಲಿನ ನೇಕಾರರ ಮನೆಗಳಿಗೆ ಅಲೆಯುತ್ತಿದ್ದ. ಲಗ್ನಪತ್ರಿಕೆ, ರೇಷನ್ ಕಾರ್ಡು, ಊರು ಬಿಟ್ಟವರು ಬರೆದ ಕಾರ್ಡು, ಏನು ಸಿಕ್ಕರೂ ಫೋಟೋ ತೆಗೆದುಕೊಳ್ಳುತ್ತಿದ್ದ. ಊರಿನ ನಿಜವಾದ ಚರಿತ್ರೆ ಇರುವುದು ಇಂಥ ಮನೆಗಳ ಹಳೇ ಟ್ರಂಕುಗಳಲ್ಲೇ ಎಂದು ಅವನ ನಂಬಿಕೆ. ಆದರೆ ಇಂಥ ಪುಸ್ತಕ ಹಿಂದೆಂದೂ ಸಿಕ್ಕಿರಲಿಲ್ಲ. ಕನ್ನಿಯಮ್ಮಾಳಿನ ಅಪ್ಪ ಮಾಟಗಾರ. ಯಾರು ಯಾರಿಗೆ, ಯಾವ ಜಗಳಕ್ಕೆ, ಏನು ಮಾಡಿಸಿದರೆಂದು ಎಲ್ಲವನ್ನೂ ಮಾಡಿಸಿದವರ ಮಾತಿನಲ್ಲೇ ಕನ್ನಡದಲ್ಲಿ ಬರೆದಿಟ್ಟು ಸತ್ತಿದ್ದ. ಈಗ ಆ ಮನೆಯಲ್ಲಿ ಕನ್ನಡ ಆಡುವವರಿದ್ದರು, ಓದುವವರಿರಲಿಲ್ಲ. ದಿವಾಕರ್ ಹಟ ಹಿಡಿದು ಕಲಿತಿದ್ದ.

ಕರೆಂಟು ಹೋಗಿತ್ತು. ಮಗ್ಗದ ಕೋಣೆಯಲ್ಲಿ ನಡುಮಧ್ಯಾಹ್ನವೇ ಕತ್ತಲೆ. ಹುಳಿಬಂದ ಗಂಜಿ, ಇಲಿಯ ಹಿಕ್ಕೆ, ಅವುಗಳ ಅಡಿಯಲ್ಲೆಲ್ಲೋ ಸುಟ್ಟ ಕೂದಲಿನ ಕಮಟು. ಹೊರಗೆ ಜಗಲಿಯಲ್ಲಿ ಮುದುಕಿಯ ಮೊಮ್ಮಗಳು ನಿತ್ಯಾ ರಾಟೆ ತಿರುಗಿಸುತ್ತ ಹಾಡಿಕೊಳ್ಳುತ್ತಿದ್ದಳು.

ಪುಟ ಮಗುಚಿದವನು ಹಿಗ್ಗಿಹೋದ. "ಅಮ್ಮಾ, ಇದು ನಮ್ಮಜ್ಜಿ! ಜ್ವರ ಬಂದು ಮೂಕಿಯಾದಳು ಅಂತ ನಮ್ಮಪ್ಪ ಹೇಳ್ತಿದ್ರು. ಇಲ್ಲಿ ನೋಡಿ!"

ಫೋನಿನ ರೆಕಾರ್ಡರ್ ಒತ್ತಿ ಗಟ್ಟಿಯಾಗಿ ಓದಿದ. "ಮುರುಗೇಶನ ಹೆಂಡತಿ ಶಾರದ. ಬಾವಿಕಟ್ಟೆಯಲ್ಲಿ ನನ್ನನ್ನು ಬಂಜೆ ಎಂದಳು. ಅವಳ ನಾಲಿಗೆ ಕಟ್ಟಲಿ."

ಮುದುಕಿ ಎರಡೂ ಕಿವಿ ಮುಚ್ಚಿಕೊಂಡಳು. "ಅಯ್ಯೋ, ಓದ್ಬಿಟ್ಯಾ! ಆ ಪೇರು ಯಾರಿಗಾದ್ರೂ ಇಟ್ಟಿದೀಯಾ?"

ಅವನ ನಗು ತುಟಿಯಲ್ಲೇ ಸತ್ತಿತು. ಅವನ ಆರು ವರ್ಷದ ಮಗಳ ಹೆಸರು ಶಾರದ.

ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು. ಹೆಂಡತಿ ವಿನೋದಿನಿ. "ರೀ, ಪಾಪು... ಮಾತಾಡ್ತಾ ಇದ್ದೋಳು... ನಾಲಿಗೆ ಒಳಕ್ಕೆ ಹೋಗ್ತಾ ಇದೆ ರೀ! ಉಸಿರು ಬರ್ತಿಲ್ಲ!" ಅವಳ ಮಾತಿನ ಹಿಂದೆ ಒಂದು ಸಣ್ಣ ಗಂಟಲು ಗೊರಗೊರ ಎನ್ನುತ್ತಿತ್ತು.

ದಿವಾಕರ್ ಮುದುಕಿಯ ಭುಜ ಹಿಡಿದು ಅಲುಗಿಸಿದ. "ಬಿಡಿಸಿ! ಹೇಗೆ ಬಿಡಿಸೋದು, ಹೇಳಿ!"

"ಬಿಡ್ಸಕ್ಕಾಗಲ್ಲ ತಂಬಿ. ದಾಟಿಸ್ಬೋದು, ಅಷ್ಟೇ. ಆ ಪೇರಿನ ಜಾಗದಲ್ಲಿ ಬದುಕಿರೋ ಇನ್ನೊಬ್ರ ಪೇರು ಸೇರ್ಸಿ ಓದ್ಬೇಕು. ಇರು, ಒಂದ್ ನಿಮಿಷ ಇರು, ನಾನು..."

ಅವನು ಕಾಯಲಿಲ್ಲ. ಗೊರಗೊರ ಸಣ್ಣದಾಗುತ್ತಿತ್ತು. ಅಕ್ಷರಗಳು ಕುಣಿದವು. ಬೆವರು ಕಣ್ಣಿಗಿಳಿಯಿತು. ಒಂದು ಹೆಸರು. ಯಾರದಾದರೂ ಸರಿ. ಜಗಲಿಯಿಂದ ಹಾಡು ತೇಲಿ ಬರುತ್ತಿತ್ತು.

"ನಿತ್ಯಾ," ಎಂದು ಓದಿದ. "ಅವಳ ನಾಲಿಗೆ ಕಟ್ಟಲಿ."

ಹಾಡು ತುಂಡಾಯಿತು.

"ಅಪ್ಪಾ," ಎಂದಿತು ಫೋನು. ಮಗಳು ಅಳುತ್ತಿದ್ದಳು. ಉಸಿರಾಡುತ್ತಿದ್ದಳು.

ಕನ್ನಿಯಮ್ಮಾಳ್ ಗೋಡೆಗೊರಗಿ ಕುಸಿದಳು. "ನನ್ ಪೇರು ಓದು ಅಂತ ಹೇಳಕ್ ಬಂದೆ ಕಣೋ. ನಂದು ಓದು ಅಂತ."

ಬಾಗಿಲಲ್ಲಿ ನಿತ್ಯಾ ನಿಂತಿದ್ದಳು. ಎರಡು ಕೈಯಲ್ಲೂ ಕುತ್ತಿಗೆ ಹಿಡಿದುಕೊಂಡಿದ್ದಳು. ಬಾಯಿ ತೆರೆದಿತ್ತು. ದನಿಯಿರಲಿಲ್ಲ. ಏನಾಯಿತೆಂದು ಅವಳ ಕಣ್ಣು ಅವನನ್ನೇ ಕೇಳುತ್ತಿತ್ತು.

ದಿವಾಕರ್ ಚೀಲ ಹೆಗಲಿಗೇರಿಸಿಕೊಂಡ. ಅವಳ ಮುಖ ನೋಡಲಿಲ್ಲ.

"ಸ್ವಲ್ಪ ದಾರಿ ಬಿಡಮ್ಮಾ," ಎಂದ. "ಬಸ್ಸು ಹೋಗ್ಬಿಡುತ್ತೆ."

ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.